ಆ ಜಾಹೀರಾತಿಗೆ ಮೇಷ್ಟ್ರನ್ನು ಆರಿಸಿದ್ದು ಯಾರು? ಕೇಂದ್ರ ಐಟಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಸಣ್ಣ ವ್ಯಾಪಾರಿಗಳಿಗೆ ಸೋಷಿಯಲ್ ಮೀಡಿಯಾದಲ್ಲಿ ಜಾಹೀರಾತು ಹಾಕಿಕೊಡುವವನು. ಸೀರೆ ಅಂಗಡಿ, ನೀಟ್ ಕೋಚಿಂಗ್ ಸೆಂಟರ್, ಅಡಿಕೆ ಸುಲಿಯುವ ಮೆಷಿನ್ ಮಾರುವವರು, ಮನೆಯಲ್ಲೇ ಹಪ್ಪಳ ಮಾಡಿ ಮಾರುವ ಹೆಂಗಸರು, ಇವರೆಲ್ಲ ನನ್ನ ಗಿರಾಕಿಗಳು. ಅವರು ದುಡ್ಡು ಕೊಡುತ್ತಾರೆ. ನಾನು ಒಂದು ವಿಡಿಯೊ, ಎರಡು ಸಾಲು ಮಾತು ಸೇರಿಸಿ ಜಾಹೀರಾತು ಮಾಡುತ್ತೇನೆ. ಉಳಿದದ್ದನ್ನು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ನೋಡಿಕೊಳ್ಳುತ್ತವೆ. ನನ್ನ ಮನೆ ನಡೆಯುವುದೇ ಇದರಿಂದ. ಹಾಗಾಗಿ ಈ ವ್ಯಾಪಾರ ನಿಲ್ಲಿಸಿ ಅಂತ ಕೇಳೋಕೆ ಪತ್ರ ಬರೆಯುತ್ತಿಲ್ಲ. ಪೇಪರಿನಲ್ಲಿ ಜಾಹೀರಾತು ಕೊಡುವಷ್ಟು ದುಡ್ಡಿಲ್ಲದ ಹಪ್ಪಳದ ಅಕ್ಕನಿಗೆ ದಿನಕ್ಕೆ ಇನ್ನೂರು ಮುನ್ನೂರು ರೂಪಾಯಿಯಲ್ಲಿ ಗಿರಾಕಿ ಸಿಗುವುದು ಸಣ್ಣ ಮಾತಲ್ಲ.

ನಾನು ಕೇಳುವುದು ಇಷ್ಟೇ. ದುಡ್ಡು ತಗೊಂಡು ತೋರಿಸಿದ ಜಾಹೀರಾತು ಮೋಸದ್ದಾಗಿದ್ದರೆ ಅದನ್ನು ತೋರಿಸಿದ ಕಂಪನಿಯೂ ಹೊಣೆ ಹೊರಬೇಕು. "ಯಾರೋ ಹಾಕಿದ್ದು, ನಮಗೂ ಅದಕ್ಕೂ ಸಂಬಂಧವಿಲ್ಲ" ಅನ್ನುವ ಮಾತನ್ನು ಜನ ಸುಮ್ನೆ ಹಾಕುವ ಪೋಸ್ಟಿನ ವಿಷಯದಲ್ಲಿ ಒಪ್ಪಬಹುದು. ಜಾಹೀರಾತಿನ ವಿಷಯದಲ್ಲಿ ಒಪ್ಪುವ ಹಾಗಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಈ ಕಂಪನಿಗಳು ದುಡ್ಡು ಮಾಡುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

2018ರ ಏಪ್ರಿಲ್‌ನಲ್ಲಿ ಅಮೆರಿಕದ ಸೆನೆಟ್ ಮುಂದೆ ಮಾರ್ಕ್ ಝುಕರ್‌ಬರ್ಗ್ ಕೂತಿದ್ದರು. ಬಳಸುವವರು ದುಡ್ಡೇ ಕೊಡುವುದಿಲ್ಲ, ಹಾಗಾದರೆ ನಿಮ್ಮ ಕಂಪನಿ ಹೇಗೆ ನಡೆಯುತ್ತೆ ಅಂತ ಓರಿನ್ ಹ್ಯಾಚ್ ಅನ್ನುವ ಹಿರಿಯ ಸೆನೆಟರ್ ಕೇಳಿದರು. "ಸೆನೆಟರ್, ನಾವು ಜಾಹೀರಾತು ಹಾಕುತ್ತೇವೆ" ಅಂತ ಝುಕರ್‌ಬರ್ಗ್ ಉತ್ತರ ಕೊಟ್ಟರು. ಅಜ್ಜನಿಗೆ ಇಷ್ಟೂ ಗೊತ್ತಿಲ್ವಾ ಅಂತ ಜಗತ್ತೆಲ್ಲ ನಕ್ಕಿತು. ನನಗೆ ಆ ಪ್ರಶ್ನೆ ದಡ್ಡತನದ್ದು ಅನ್ನಿಸಲೇ ಇಲ್ಲ. ಉತ್ತರವೇ ಅರ್ಧಕ್ಕೆ ನಿಂತಿತ್ತು. ಜಾಹೀರಾತನ್ನು ಎಲ್ಲರೂ ಹಾಕುತ್ತಾರೆ, ಬಸ್‌ಸ್ಟ್ಯಾಂಡ್ ಗೋಡೆಯ ಮೇಲೂ ಇರುತ್ತೆ. ಯಾರಿಗೆ, ಯಾವಾಗ, ಯಾವ ಜಾಹೀರಾತು ಅಂತ ಒಬ್ಬೊಬ್ಬರಿಗೂ ಬೇರೆ ಬೇರೆ ಆರಿಸಿ ತೋರಿಸುವುದು ಇವರ ಕಸುಬು. ದುಡ್ಡು ಬರುವುದು ಆ ಆಯ್ಕೆಗೆ.

ಎಷ್ಟು ದುಡ್ಡು? ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರರ ಒಡೆಯ ಮೆಟಾ ಕಂಪನಿಗೆ 2024ರಲ್ಲಿ ಬಂದ ಆದಾಯ ಸುಮಾರು 16,450 ಕೋಟಿ ಡಾಲರ್. ಅದರಲ್ಲಿ 16,000 ಕೋಟಿ ಡಾಲರಿಗೂ ಜಾಸ್ತಿ ಬರೀ ಜಾಹೀರಾತಿನದ್ದು. ನೂರಕ್ಕೆ ತೊಂಬತ್ತೇಳು ಪಾಲಿಗಿಂತ ಹೆಚ್ಚು. ಅದೇ ವರ್ಷ ಯೂಟ್ಯೂಬಿನ ಜಾಹೀರಾತು ಆದಾಯ ಸುಮಾರು 3,600 ಕೋಟಿ ಡಾಲರ್. ಯೂಟ್ಯೂಬ್ ತನ್ನ ಉದ್ದ ವಿಡಿಯೊಗಳ ಜಾಹೀರಾತಿನ ದುಡ್ಡಲ್ಲಿ 55% ಪಾಲನ್ನು ವಿಡಿಯೊ ಮಾಡಿದವರಿಗೆ ಕೊಡುತ್ತೆ, ಆ ಮಟ್ಟಿಗೆ ಮೆಚ್ಚಬೇಕು. ನಮ್ಮ ದೇಶದ ಲೆಕ್ಕಕ್ಕೆ ಬಂದರೆ, 2023-24ರಲ್ಲಿ ಮೆಟಾದ ಭಾರತೀಯ ಕಂಪನಿ ಮಾರಿದ ಜಾಹೀರಾತಿನ ಒಟ್ಟು ಮೊತ್ತ ಸುಮಾರು 22,700 ಕೋಟಿ ರೂಪಾಯಿ. ಆದರೆ ಅದು ತನ್ನ ಸ್ವಂತ ಆದಾಯ ಅಂತ ತೋರಿಸಿದ್ದು ಸುಮಾರು 3,000 ಕೋಟಿ ಮಾತ್ರ. ಯಾಕೆಂದರೆ ಇಲ್ಲಿನ ಕಂಪನಿ ಜಾಹೀರಾತಿನ ಜಾಗವನ್ನು ಹೊರದೇಶದ ತನ್ನದೇ ಬಳಗದ ಕಂಪನಿಯಿಂದ ಕೊಂಡು ನಮಗೆ ಮಾರುವ ಮಾರಾಟಗಾರ. ಉಳಿದ ದುಡ್ಡು ಆ ಕಡೆಗೆ ಹೋಗುತ್ತೆ. ಕಾನೂನಿಗೆ ವಿರುದ್ಧ ಅಂತ ನಾನು ಹೇಳುತ್ತಿಲ್ಲ. ಇಲ್ಲಿ ನಡೆಯುವ ವ್ಯಾಪಾರದ ಗಾತ್ರ ಎಷ್ಟು ಅಂತ ತಿಳಿದಿರಲಿ ಅಂತ ಹೇಳಿದೆ.

ಈಗ ನನ್ನ ಕಂಪ್ಯೂಟರ್ ಪರದೆಗೆ ಬನ್ನಿ. ಒಂದು ಸೀರೆ ಅಂಗಡಿಗೆ ವರಮಹಾಲಕ್ಷ್ಮಿ ಹಬ್ಬದ ಜಾಹೀರಾತು ಹಾಕಬೇಕು ಅಂದುಕೊಳ್ಳಿ. ಮೊದಲು ಏನು ಬೇಕು ಅಂತ ಕೇಳುತ್ತೆ: ಜನ ಬರೀ ನೋಡಿದರೆ ಸಾಕಾ, ವಾಟ್ಸಾಪಿನಲ್ಲಿ ಮೆಸೇಜ್ ಮಾಡಬೇಕಾ, ಫಾರ್ಮ್ ತುಂಬಿ ನಂಬರ್ ಕೊಡಬೇಕಾ? ನಾವು ಸಾಮಾನ್ಯವಾಗಿ ಮೆಸೇಜ್ ಆರಿಸುತ್ತೇವೆ. ಆಮೇಲೆ ನಕ್ಷೆ. ಗಾಂಧಿ ಬಜಾರಿನ ಮೇಲೆ ಪಿನ್ ಚುಚ್ಚಿ ಸುತ್ತ ಇಷ್ಟು ಕಿಲೋಮೀಟರ್ ಅಂತ ಗೆರೆ ಎಳೆಯಬಹುದು. ಭದ್ರಾವತಿ ಒಳಗೆ ಬಂತು, ತೀರ್ಥಹಳ್ಳಿ ಹೊರಗೆ ಉಳಿಯಿತು. ಆಮೇಲೆ ವಯಸ್ಸು, ಗಂಡೋ ಹೆಣ್ಣೋ, ಭಾಷೆ. ಆಮೇಲೆ ಆಸಕ್ತಿ: ರೇಷ್ಮೆ ಸೀರೆ, ಮದುವೆ, ಒಡವೆ. ಇತ್ತೀಚೆಗೆ ಇಷ್ಟೆಲ್ಲ ಹೇಳುವುದೂ ಬೇಡ, ನಮಗೇ ಬಿಡಿ, ಯಾರಿಗೆ ತೋರಿಸಬೇಕು ಅಂತ ನಮ್ಮ ಎಐ ನೋಡಿಕೊಳ್ಳುತ್ತೆ ಅಂತ ಪರದೆಯೇ ಒತ್ತಾಯ ಮಾಡುತ್ತೆ. ನಿಜ ಹೇಳಬೇಕೆಂದರೆ ಬಹಳ ಸಲ ಅದು ನನಗಿಂತ ಚೆನ್ನಾಗಿ ಆರಿಸುತ್ತೆ. ಕೊನೆಗೆ ದಿನದ ಬಜೆಟ್ ಹಾಕಿ, ಯುಪಿಐನಲ್ಲಿ ದುಡ್ಡು ಕಟ್ಟಿ, ಬಟನ್ ಒತ್ತುವುದು. "ಪರಿಶೀಲನೆಯಲ್ಲಿದೆ" ಅಂತ ಬರುತ್ತೆ. ಈ ಪರಿಶೀಲನೆ ಬಹುಪಾಲು ಯಂತ್ರದ್ದೇ. ಸ್ವಲ್ಪ ಹೊತ್ತಿಗೆ ಜಾಹೀರಾತು ಓಡೋಕೆ ಶುರು.

ಓಡುವುದು ಅಂದರೆ ಹರಾಜಿಗೆ ಇಳಿಯುವುದು. ಭದ್ರಾವತಿಯ ಯಾರೋ ಒಬ್ಬರು ಬಸ್ಸಿಗೆ ಕಾಯುತ್ತ ಇನ್‌ಸ್ಟಾಗ್ರಾಂ ತೆಗೆದರು. ಅವರ ಪರದೆಯಲ್ಲಿ ಒಂದು ಜಾಗ ಖಾಲಿ ಇದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆ ಜಾಗಕ್ಕೆ ಹರಾಜು ನಡೆದುಹೋಗುತ್ತೆ. ನನ್ನ ಸೀರೆ, ಯಾರದೋ ಸೈಟು, ಇನ್ಯಾರದೋ ಸಾಲದ ಆ್ಯಪ್, ಎಲ್ಲ ಅಲ್ಲಿ ನಿಂತಿರುತ್ತವೆ. ಜಾಸ್ತಿ ದುಡ್ಡು ಕೂಗಿದವನೇ ಗೆಲ್ಲುತ್ತಾನೆ ಅಂತ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ನಾನು ಕೂಗಿದ ದರಕ್ಕೆ, ಈ ವ್ಯಕ್ತಿ ಈ ಜಾಹೀರಾತನ್ನು ಒತ್ತುವ ಸಾಧ್ಯತೆ ಎಷ್ಟು ಅನ್ನುವ ಅಂದಾಜನ್ನು ಗುಣಿಸುತ್ತಾರೆ. ಅದಕ್ಕೆ ಜಾಹೀರಾತಿನ ಗುಣಮಟ್ಟದ ಅಂಕ ಸೇರಿಸುತ್ತಾರೆ. ಒಟ್ಟು ಯಾರದ್ದು ಜಾಸ್ತಿಯೋ ಅವರಿಗೆ ಜಾಗ.

ಈ ಗುಣಾಕಾರದಲ್ಲಿರುವ "ಸಾಧ್ಯತೆ"ಯನ್ನು ದಯವಿಟ್ಟು ಗಮನಿಸಿ. ಅದನ್ನು ನಾನು ಹೇಳುವುದಿಲ್ಲ. ಅದು ನನಗೆ ಕಾಣುವುದೂ ಇಲ್ಲ. ಕಂಪನಿ ಹೇಳುತ್ತೆ. ಆ ವ್ಯಕ್ತಿ ಹಿಂದೆ ಏನು ನೋಡಿದ್ದಾರೆ, ಎಲ್ಲಿ ನಿಂತು ನೋಡಿದ್ದಾರೆ, ಏನು ಒತ್ತಿದ್ದಾರೆ, ಬೇರೆ ವೆಬ್‌ಸೈಟಿನಲ್ಲಿ ಏನು ಕೊಳ್ಳೋಕೆ ಹೋಗಿ ಬಿಟ್ಟು ಬಂದಿದ್ದಾರೆ, ಎಲ್ಲ ಸೇರಿ ಆ ಅಂದಾಜು. ಹೊಸ ಜಾಹೀರಾತು ಶುರುವಾದಾಗ ಕಲಿಕೆಯ ಹಂತ ಅಂತ ಒಂದಿರುತ್ತೆ. ವಾರದಲ್ಲಿ ಸುಮಾರು 50 ಫಲಿತಾಂಶ, ಅಂದರೆ ನಾವು ಬೇಕು ಅಂದ ಮೆಸೇಜೋ ಫಾರ್ಮೋ, ಬರುವ ತನಕ ಯಂತ್ರ ಕಲಿಯುತ್ತೆ. ಯಾರು ಒತ್ತಿದರು, ಅವರು ಎಂಥವರು ಅಂತ ನೋಡಿ, ಆಮೇಲೆ ಅಂಥವರನ್ನೇ ಹುಡುಕಿ ಹುಡುಕಿ ತೋರಿಸುತ್ತೆ.

ಇಲ್ಲಿ ಒಂದು ಅಡ್ಡ ಮಾತು. "ನಾವು ಮಾತಾಡಿದ್ದನ್ನು ಫೋನು ಕದ್ದು ಕೇಳಿಸಿಕೊಳ್ಳುತ್ತೆ, ಅದಕ್ಕೇ ಫ್ರಿಜ್ ಅಂದ ಕೂಡಲೇ ಫ್ರಿಜ್ ಜಾಹೀರಾತು ಬರುತ್ತೆ" ಅಂತ ನನಗೆ ಹೇಳದ ನೆಂಟರಿಲ್ಲ. ಕದ್ದು ಕೇಳುವ ಅಗತ್ಯವೇ ಇಲ್ಲ ಅನ್ನುವುದು ಅವರಿಗೆ ಇನ್ನೂ ಭಯ ಹುಟ್ಟಿಸಬೇಕಾದ ಸಂಗತಿ. ಅಂಗಡಿಯಲ್ಲಿ ಬಿಲ್ ಹಾಕುವ ಹುಡುಗ "ಮೊಬೈಲ್ ನಂಬರ್ ಹೇಳಿ ಮೇಡಂ" ಅಂತಾನೆ. ನಾವು ಹತ್ತು ಅಂಕಿ ಹೇಳಿಬಿಡುತ್ತೇವೆ. ಆ ನಂಬರುಗಳ ಪಟ್ಟಿಯನ್ನು ಅಂಗಡಿಯವರು ನನ್ನಂಥವನ ಕೈಗೆ ಕೊಡುತ್ತಾರೆ. ನಾನು ಅದನ್ನು ಪ್ಲಾಟ್‌ಫಾರ್ಮಿಗೆ ಏರಿಸುತ್ತೇನೆ. ನಂಬರು ಹಾಗೇ ಹೋಗುವುದಿಲ್ಲ, ಸಂಕೇತವಾಗಿ ಬದಲಾಗಿ ಹೋಗುತ್ತೆ. ಆದರೂ ಅಲ್ಲಿರುವ ಖಾತೆಗಳ ಜೊತೆ ತಾಳೆಯಾಗುತ್ತೆ. ಈಗ ಹೋದ ವರ್ಷ ರೇಷ್ಮೆ ಸೀರೆ ಕೊಂಡವರಿಗೆ ಮಾತ್ರ ಜಾಹೀರಾತು ತೋರಿಸಬಹುದು. ಇನ್ನೊಂದು ಹೆಜ್ಜೆ ಮುಂದೆ ಹೋಗಿ, "ಇವರ ಹಾಗೇ ಇರುವ ಬೇರೆಯವರನ್ನು ಹುಡುಕಿಕೊಡು" ಅಂತಲೂ ಕೇಳಬಹುದು. ದೇಶದಲ್ಲಿ ಅವರಿಗೆ ಅತಿ ಹೆಚ್ಚು ಹೋಲುವ ನೂರಕ್ಕೆ ಒಬ್ಬರನ್ನು ಅದು ಹುಡುಕಿ ಕೊಡುತ್ತೆ. ಅವರ ಹೆಸರು ನನಗೆ ಗೊತ್ತಾಗುವುದಿಲ್ಲ. ಅದಕ್ಕೇ ಕಂಪನಿಗಳು "ನಾವು ನಿಮ್ಮ ಮಾಹಿತಿಯನ್ನು ಮಾರುವುದಿಲ್ಲ" ಅಂತ ಧೈರ್ಯವಾಗಿ ಹೇಳುವುದು. ಮಾತು ಸುಳ್ಳಲ್ಲ. ಮಾಹಿತಿ ಅವರ ಹತ್ತಿರವೇ ಉಳಿಯುತ್ತೆ, ನಿಮ್ಮ ಹತ್ತಿರ ಬರುವ ದಾರಿಯನ್ನಷ್ಟೇ ಮಾರುತ್ತಾರೆ.

ಈ ಮಾಹಿತಿಗೆ ಎಷ್ಟು ಬೆಲೆ ಅಂತ ಅಳೆಯೋಕೆ ಒಂದು ಉದಾಹರಣೆ ಇದೆ. 2021ರಲ್ಲಿ ಆ್ಯಪಲ್ ಕಂಪನಿ ತನ್ನ ಐಫೋನ್‌ಗಳಲ್ಲಿ ಒಂದು ಪ್ರಶ್ನೆ ಸೇರಿಸಿತು: ಬೇರೆ ಆ್ಯಪ್‌ಗಳಲ್ಲಿ ನೀವು ಮಾಡುವುದನ್ನು ಈ ಆ್ಯಪ್ ಹಿಂಬಾಲಿಸಬಹುದಾ? ಬಹಳ ಜನ ಬೇಡ ಅಂದರು. ಮರುವರ್ಷ ಮೆಟಾ ತಾನಾಗಿಯೇ ಹೇಳಿತು, ಇದರಿಂದ 2022ರಲ್ಲಿ ನಮಗೆ ಸುಮಾರು 1,000 ಕೋಟಿ ಡಾಲರ್ ಖೋತಾ ಆಗಬಹುದು ಅಂತ. ಒಂದೇ ಒಂದು ಪ್ರಶ್ನೆಗೆ ಅಷ್ಟು ದುಡ್ಡು.

ಈಗ ನಾನು ಪತ್ರ ಬರೆಯಲು ಕಾರಣವಾದ ವಿಷಯಕ್ಕೆ ಬರುತ್ತೇನೆ.

ನಮ್ಮ ಪರಿಚಯದ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ಸಾಗರದ ಕಡೆಯವರು. ದುಡ್ಡಿನ ವಿಷಯದಲ್ಲಿ ಬಹಳ ಜೋಪಾನ. ಅವರು ದಿನಾ ನೋಡುವ ಒಂದು ಪ್ಲಾಟ್‌ಫಾರ್ಮಿನಲ್ಲಿ ಒಂದು ಜಾಹೀರಾತು ಬಂತು. ಅದರಲ್ಲಿ ಹೆಸರಾಂತ ಉದ್ಯಮಿಯೊಬ್ಬರು ಕೂತು ಮಾತಾಡುತ್ತಿದ್ದಾರೆ. ಮುಖ ಅವರದ್ದೇ, ದನಿಯೂ ಅವರದ್ದೇ ಅನ್ನುವ ಹಾಗಿದೆ. ಪಕ್ಕದಲ್ಲಿ ಒಂದು ಸುದ್ದಿ ಚಾನೆಲ್ಲಿನ ಪರದೆಯಂಥ ಅಲಂಕಾರ. 21,000 ರೂಪಾಯಿ ಹಾಕಿದರೆ ತಿಂಗಳಿಗೆ ಲಕ್ಷಗಟ್ಟಲೆ ಬರುತ್ತೆ ಅನ್ನುವ ಮಾತು. ಎಐನಲ್ಲಿ ಮಾಡಿದ ಸುಳ್ಳು ವಿಡಿಯೊ. ಮೇಷ್ಟ್ರು ಒತ್ತಿದರು. ಫಾರ್ಮ್ ಬಂತು, ಹೆಸರು ನಂಬರು ಕೊಟ್ಟರು. ಸ್ವಲ್ಪ ಹೊತ್ತಿಗೆ ಫೋನ್ ಬಂತು, ಬಹಳ ಮರ್ಯಾದೆಯಿಂದ ಮಾತಾಡಿದರು. ದುಡ್ಡು ಹಾಕಿದ ಮೇಲೆ ಒಂದು ಆ್ಯಪ್‌ನಲ್ಲಿ ಲಾಭ ಏರುತ್ತಿರುವುದು ಕಾಣಿಸಿತು. ಇನ್ನಷ್ಟು ಹಾಕಿದರು. ತೆಗೆಯೋಕೆ ಹೋದಾಗ ಮೊದಲು ತೆರಿಗೆ ಕಟ್ಟಿ ಅಂದರು. ಅದನ್ನೂ ಕಟ್ಟಿದರು. ಆಮೇಲೆ ಫೋನ್ ಎತ್ತುವವರಿಲ್ಲ. ನಿವೃತ್ತಿಯ ದುಡ್ಡಿನಲ್ಲಿ ದೊಡ್ಡ ಪಾಲೇ ಹೋಯಿತು.

ಮಗ ನನ್ನ ಹತ್ತಿರ ಬಂದ, ನೀವು ಇದೇ ಕೆಲಸ ಮಾಡುವವರಲ್ವಾ, ಏನಾದರೂ ಮಾಡಿ ಅಂತ. ಮೇಷ್ಟ್ರ ಫೋನಿನಲ್ಲಿ ಅದೇ ಥರದ ಇನ್ನೊಂದು ಜಾಹೀರಾತು ಇನ್ನೂ ಓಡುತ್ತಿತ್ತು. ಬೇರೆ ಪೇಜು, ಬೇರೆ ಉದ್ಯಮಿ, ಅದೇ ಮಾತು. ದೂರು ಕೊಟ್ಟೆವು. ನಮ್ಮ ನಿಯಮಕ್ಕೆ ವಿರುದ್ಧವಾದದ್ದು ಏನೂ ಕಾಣಲಿಲ್ಲ ಅಂತ ಉತ್ತರ ಬಂತು. ಆಗ ನಾನು ಜಾಹೀರಾತಿನ ಮೂಲೆಯಲ್ಲಿರುವ ಮೂರು ಚುಕ್ಕಿ ಒತ್ತಿ, "ನನಗೆ ಈ ಜಾಹೀರಾತು ಯಾಕೆ ಕಾಣಿಸುತ್ತಿದೆ" ಅನ್ನುವುದನ್ನು ತೆರೆದೆ. ಅದರಲ್ಲಿ ಚೆನ್ನಾಗಿ ಬರೆದಿತ್ತು: ನಿಮ್ಮ ವಯಸ್ಸು ಇಷ್ಟಕ್ಕಿಂತ ಮೇಲೆ, ನೀವು ಇರುವುದು ಕರ್ನಾಟಕದಲ್ಲಿ, ನಿಮ್ಮ ಭಾಷೆ ಕನ್ನಡ, ಇಂಥ ವಿಷಯಗಳಲ್ಲಿ ನಿಮಗೆ ಆಸಕ್ತಿ ಇದೆ.

ಸಚಿವರೇ, ನನ್ನ ಪತ್ರದ ತಿರುಳು ಆ ಪರದೆಯಲ್ಲಿದೆ. ಮೋಸಗಾರನಿಗೆ ಸಾಗರದ ಮೇಷ್ಟ್ರ ಪರಿಚಯವಿಲ್ಲ. ಅವನು ವಯಸ್ಸು, ರಾಜ್ಯ ಹೇಳಿ ದುಡ್ಡು ಕಟ್ಟಿದ ಅಷ್ಟೇ. ಲಕ್ಷಾಂತರ ಜನರಲ್ಲಿ ಇವರು ಒತ್ತುತ್ತಾರೆ ಅಂತ ಅಂದಾಜು ಹಾಕಿ, ಹರಾಜು ನಡೆಸಿ, ಅವರ ಮುಂದೆ ಹಿಡಿದದ್ದು ಪ್ಲಾಟ್‌ಫಾರ್ಮ್. ಒಂದು ಸಲ ಒತ್ತಿದ ಮೇಲೆ ಅಂಥದ್ದನ್ನೇ ಮತ್ತೆ ಮತ್ತೆ ತಂದು ತೋರಿಸಿದ್ದೂ ಅದೇ. ಅದರ ಯಂತ್ರಕ್ಕೆ ಸೀರೆ ಕೊಳ್ಳುವವರೂ ಮೋಸ ಹೋಗುವವರೂ ಒಂದೇ, ಇಬ್ಬರೂ ಬರೀ "ಫಲಿತಾಂಶ".

ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಂ ಮಧ್ಯವರ್ತಿಗಳಿಗೆ, ಅಂದರೆ ಬೇರೆಯವರು ಹಾಕಿದ್ದನ್ನು ತೋರಿಸುವ ಫೇಸ್‌ಬುಕ್, ಯೂಟ್ಯೂಬಿನಂಥವರಿಗೆ, ರಕ್ಷಣೆ ಕೊಡುತ್ತೆ. ಬೇರೆಯವರು ಹಾಕಿದ್ದಕ್ಕೆ ಅವರು ಹೊಣೆಯಲ್ಲ. ಆದರೆ ಅದೇ ಕಲಂ ಹೇಳುವ ಷರತ್ತುಗಳಲ್ಲಿ ಒಂದು, ಆ ಮಾಹಿತಿ ಯಾರಿಗೆ ತಲುಪಬೇಕು ಅಂತ ಮಧ್ಯವರ್ತಿ ಆರಿಸಿರಬಾರದು ಅನ್ನುವುದು. ಜಾಹೀರಾತಿನಲ್ಲಿ ಅವರು ಮಾರುವ ಸರಕೇ ಆ ಆಯ್ಕೆ. ಅದಕ್ಕೇ ದುಡ್ಡು ತಗೊಳ್ಳುತ್ತಾರೆ. ವಕೀಲರು ಇದರ ಮೇಲೆ ಹತ್ತು ವಾದ ಹೂಡುತ್ತಾರೆ, ಗೊತ್ತು. ಆದರೆ 2023ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್, ಬೇರೆಯವರ ಟ್ರೇಡ್‌ಮಾರ್ಕನ್ನು ಜಾಹೀರಾತಿನ ಕೀವರ್ಡ್ ಆಗಿ (ಜನ ಆ ಪದ ಹುಡುಕಿದಾಗ ತನ್ನ ಜಾಹೀರಾತು ಬರುವ ಹಾಗೆ) ಬಳಸುವ ಪ್ರಕರಣದಲ್ಲಿ, ಗೂಗಲ್ ತನ್ನ ಜಾಹೀರಾತು ವ್ಯವಸ್ಥೆಯಲ್ಲಿ ಸುಮ್ಮನೆ ನಿಂತು ನೋಡುವವನಲ್ಲ, ತಾನೇ ಭಾಗವಹಿಸುವವನು ಅಂತ ಹೇಳಿದೆ. ಆ ದಾರಿಯಲ್ಲಿ ಸರ್ಕಾರ ಒಂದು ಹೆಜ್ಜೆ ಮುಂದೆ ಇಡಬೇಕು ಅಷ್ಟೇ. ಮಕ್ಕಳ ವಿಷಯದಲ್ಲಿ ನೀವೇ ಇಟ್ಟಿದ್ದೀರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 9ನೇ ಕಲಂ ಮಕ್ಕಳನ್ನು ಗುರಿ ಮಾಡಿ ಜಾಹೀರಾತು ತೋರಿಸಬಾರದು ಅನ್ನುತ್ತೆ. ಗುರಿ ಇಡುವುದು ಕಂಪನಿಯ ಕೆಲಸ ಅಂತ ಅಲ್ಲಿ ಒಪ್ಪಿದ ಮೇಲೆ, ಎಪ್ಪತ್ತರ ಅಜ್ಜನ ವಿಷಯದಲ್ಲಿ ಗುರಿ ಇಟ್ಟವರು ಯಾರೋ ಗೊತ್ತಿಲ್ಲ ಅನ್ನೋಕಾಗುತ್ತಾ?

ಇದು ಒಬ್ಬಿಬ್ಬರ ಕಥೆಯಲ್ಲ. ತಮ್ಮ ಹೆಸರಲ್ಲಿ ಹೂಡಿಕೆ ಆ್ಯಪ್‌ಗಳ ಸುಳ್ಳು ವಿಡಿಯೊ ಓಡಾಡುತ್ತಿವೆ, ನಂಬಬೇಡಿ ಅಂತ ಇನ್ಫೋಸಿಸ್ ನಾರಾಯಣಮೂರ್ತಿಯವರು 2023ರ ಡಿಸೆಂಬರ್‌ನಲ್ಲೇ ಬಹಿರಂಗವಾಗಿ ಹೇಳಬೇಕಾಯಿತು. 2025ರ ನವೆಂಬರ್‌ನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಮೆಟಾದ ಒಳಗಿನ ಕಾಗದಪತ್ರಗಳನ್ನು ನೋಡಿ ಒಂದು ವರದಿ ಮಾಡಿತು. 2024ರ ಆದಾಯದಲ್ಲಿ ಸುಮಾರು 10% ಪಾಲು, ಅಂದರೆ 1,600 ಕೋಟಿ ಡಾಲರಿನಷ್ಟು, ಮೋಸದ ಮತ್ತು ನಿಷೇಧಿತ ಸರಕಿನ ಜಾಹೀರಾತಿನಿಂದ ಬರಬಹುದು ಅಂತ ಕಂಪನಿಯೇ ಒಳಗೊಳಗೆ ಅಂದಾಜು ಮಾಡಿತ್ತು. ಮೋಸದ್ದು ಅಂತ ಎದ್ದು ಕಾಣುವ ಜಾಹೀರಾತುಗಳೇ ದಿನಕ್ಕೆ 1,500 ಕೋಟಿ ಸಲ ಜನರಿಗೆ ಕಾಣುತ್ತಿದ್ದವು. ಜಾಹೀರಾತುದಾರ ಮೋಸಗಾರ ಅಂತ 95% ಖಾತ್ರಿಯಾದರೆ ಮಾತ್ರ ಅವನ ಖಾತೆ ಬಂದ್. ಅದಕ್ಕಿಂತ ಕಡಿಮೆ ಅನುಮಾನವಿದ್ದರೆ ಅವನಿಗೆ ದರ ಜಾಸ್ತಿ. ದರ ಏರಿಸಿದರೆ ಅವರು ಹಿಂಜರಿಯುತ್ತಾರೆ ಅನ್ನುವುದು ಲೆಕ್ಕವಂತೆ. ಆ ಅಂದಾಜು ಒರಟು, ಮೋಸದ್ದಲ್ಲದ ಜಾಹೀರಾತುಗಳೂ ಅದರಲ್ಲಿ ಸೇರಿವೆ, ಕಾಗದಗಳು ಒಂದು ಮುಖವನ್ನಷ್ಟೇ ತೋರಿಸುತ್ತವೆ ಅಂತ ಮೆಟಾ ಉತ್ತರ ಕೊಟ್ಟಿದೆ. ಇರಲಿ. ಅಂದಾಜಿನಲ್ಲಿ ಅರ್ಧ ತಪ್ಪು ಅಂತಲೇ ಇಟ್ಟುಕೊಳ್ಳೋಣ, ಉಳಿದ ಅರ್ಧವೇ 800 ಕೋಟಿ ಡಾಲರ್. ಅನುಮಾನ ಬಂದವನಿಂದ ಜಾಸ್ತಿ ದುಡ್ಡು ತಗೊಂಡು ಜಾಗ ಕೊಡುವುದನ್ನು ದಂಡ ಅಂತ ಕರೆಯೋಕೆ ನನಗೆ ಬಾಯಿ ಬರುವುದಿಲ್ಲ.

ಏಷ್ಯಾದ ನಮಗೆ ಇನ್ನೊಂದು ತೊಂದರೆ ಇದೆ. 2023ರ ಕೊನೆಯ ಮೂರು ತಿಂಗಳಲ್ಲಿ ಫೇಸ್‌ಬುಕ್ಕಿಗೆ ಅಮೆರಿಕ-ಕೆನಡಾದ ಒಬ್ಬೊಬ್ಬರಿಂದ ಸರಾಸರಿ 68.44 ಡಾಲರ್ ಬಂತು. ಏಷ್ಯಾ-ಪೆಸಿಫಿಕ್ಕಿನ ಒಬ್ಬೊಬ್ಬರಿಂದ 5.52 ಡಾಲರ್. ನನ್ನ ಲೆಕ್ಕ ಸರಳ. ಹನ್ನೆರಡು ಪಟ್ಟು ಕಡಿಮೆ ದುಡ್ಡು ತರುವ ಜನರ ಭಾಷೆಯಲ್ಲಿ ಜಾಹೀರಾತು ಓದಿ ನೋಡುವ ಮನುಷ್ಯರನ್ನು ಇಡೋಕೆ ಯಾವ ಕಂಪನಿಗೂ ತಾನಾಗಿ ಮನಸ್ಸು ಬರುವುದಿಲ್ಲ. ಕನ್ನಡದಲ್ಲಿ "ಗ್ಯಾರಂಟಿ ಲಾಭ" ಅಂತ ಬರೆದದ್ದು ದಾಟಿ ಹೋಗುವುದನ್ನು ನಾನು ದಿನಾ ನೋಡುತ್ತೇನೆ. ನನ್ನ ಅಡಿಕೆ ಮೆಷಿನ್ನಿನ ವಿಡಿಯೊವನ್ನು ಆಯುಧ ಮಾರಾಟ ಅಂತ ತಡೆದದ್ದೂ ಉಂಟು, ನಗಬೇಕೋ ಅಳಬೇಕೋ. ಕಾನೂನು ಒತ್ತದೆ ಇದು ಸರಿಹೋಗುವುದಿಲ್ಲ.

ನಮ್ಮೂರ ಸಂತೆಯಲ್ಲಿ ಸುಂಕ ವಸೂಲಿ ಮಾಡುವ ಗುತ್ತಿಗೆದಾರನಿಗೆ ಯಾರು ಯಾವ ಮೂಲೆಯಲ್ಲಿ ಕೂತು ಏನು ಮಾರಿದರು ಅಂತ ಗೊತ್ತಿರುತ್ತೆ, ಕೊಳೆತ ಮೆಣಸಿನಕಾಯಿ ಕೊಟ್ಟವನನ್ನು ಮರುವಾರ ಎಳೆದು ತಂದು ನಿಲ್ಲಿಸುತ್ತಾನೆ. ಪೇಪರಿನವರೂ ಹಾಗೇ. ಶುಗರ್ ಕಾಯಿಲೆ ಪೂರ್ತಿ ವಾಸಿ ಅಂತ ಮದ್ದಿನ ಜಾಹೀರಾತು ಹಾಕುವುದು 1954ರ ಮಾಂತ್ರಿಕ ಔಷಧಗಳ ಕಾಯ್ದೆಯ ಪ್ರಕಾರ ಅಪರಾಧ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತು ಪ್ರಕಟಿಸಿದವರಿಗೂ ದಂಡವಿದೆ. ಪೇಪರಿಗೆ ಜಾಹೀರಾತು ಕೊಡೋಕೆ ಹೋದರೆ ಹೆಸರು, ವಿಳಾಸ ಕೇಳುತ್ತಾರೆ. ಎಲ್ಲ ಗೊತ್ತಿರುವ ಕಂಪ್ಯೂಟರಿಗೆ ಮಾತ್ರ ಯಾವನು ದುಡ್ಡು ಕಟ್ಟಿದ ಅಂತ ಗೊತ್ತಿರಬೇಕಿಲ್ಲ ಅನ್ನುವುದು ಯಾವ ನ್ಯಾಯ?

ಅಷ್ಟೊಂದು ಜಾಹೀರಾತುದಾರರನ್ನು ಪರಿಶೀಲಿಸೋಕೆ ಆಗಲ್ಲ ಅಂತ ಕಂಪನಿಗಳು ಹೇಳಬಹುದು. ಆಗುತ್ತೆ. ಮಾಡಿದ್ದಾರೆ. 2019ರ ಲೋಕಸಭಾ ಚುನಾವಣೆಗೆ ಮೊದಲು ಭಾರತದಲ್ಲಿ ರಾಜಕೀಯ ಜಾಹೀರಾತು ಹಾಕುವವರ ಗುರುತು, ವಿಳಾಸ ಪರಿಶೀಲಿಸಿ, ದುಡ್ಡು ಕೊಟ್ಟವರು ಯಾರು ಅಂತ ಜಾಹೀರಾತಿನ ಮೇಲೇ ಬರೆಯುವ ವ್ಯವಸ್ಥೆಯನ್ನು ಫೇಸ್‌ಬುಕ್ ತಂದಿತು. ನಮ್ಮ ತಾಲ್ಲೂಕಿನ ಒಬ್ಬ ಅಭ್ಯರ್ಥಿಯ ಜಾಹೀರಾತು ಹಾಕಬೇಕಾದರೆ ಗುರುತಿನ ಚೀಟಿ ಕೊಟ್ಟು ಕಾಯಬೇಕು. ಬದುಕಿನ ಉಳಿತಾಯ ದೋಚುವ ಜಾಹೀರಾತಿಗೆ ಅದು ಬೇಕಿಲ್ಲ! 2025ರ ಮಾರ್ಚ್‌ನಲ್ಲಿ ಷೇರುಪೇಟೆಯ ಮೇಲೆ ನಿಗಾ ಇಡುವ ಸೆಬಿಯೂ ಷೇರು ವ್ಯವಹಾರದ ನೋಂದಾಯಿತ ಸಂಸ್ಥೆಗಳಿಗೆ, ಗೂಗಲ್ ಮತ್ತು ಮೆಟಾದಲ್ಲಿ ಜಾಹೀರಾತು ಹಾಕಬೇಕಾದರೆ ಸೆಬಿಯಲ್ಲಿ ಕೊಟ್ಟ ವಿವರದ ಜೊತೆ ತಾಳೆ ನೋಡಿಸಿಕೊಳ್ಳಿ ಅಂತ ಹೇಳಿದೆ. ಒಳ್ಳೆಯ ಕೆಲಸ. ಆದರೆ ಮೋಸಗಾರ ನಾಳೆ ಷೇರು ಬಿಟ್ಟು ಮನೆಯಿಂದ ಮಾಡುವ ಕೆಲಸ, ಮೊಣಕಾಲು ನೋವಿನ ಎಣ್ಣೆ, ಅರ್ಧ ಬೆಲೆಗೆ ಸ್ಕೂಟರ್ ಅಂತ ಬರುತ್ತಾನೆ. ಒಂದು ಬಾಗಿಲಿಗೆ ಬೀಗ ಹಾಕಿ ಉಪಯೋಗವಿಲ್ಲ. ತೈವಾನ್ 2024ರಲ್ಲಿ ಮೋಸ ತಡೆಯೋಕೇ ಒಂದು ಕಾಯ್ದೆ ಮಾಡಿತು. ಜಾಹೀರಾತು ಹಾಕಿದವರ ಗುರುತು ಪ್ಲಾಟ್‌ಫಾರ್ಮ್ ಪರಿಶೀಲಿಸಬೇಕು, ಬಹಿರಂಗ ಮಾಡಬೇಕು. ತಪ್ಪಿದರೆ ಮೋಸ ಹೋದವರ ನಷ್ಟಕ್ಕೆ ಅದೂ ಜೊತೆಗೆ ಹೊಣೆ. ನಮಗಿಂತ ಎಷ್ಟೋ ಸಣ್ಣ ಮಾರುಕಟ್ಟೆ ಅದು.

ಸಣ್ಣ ವ್ಯಾಪಾರಿಗಳಿಗೆ ತೊಂದರೆಯಾಗುತ್ತೆ ಅನ್ನುವ ಮಾತೂ ಬರುತ್ತೆ. ನನ್ನ ಗಿರಾಕಿಗಳ ಪರವಾಗಿ ನಾನೇ ಹೇಳುತ್ತೇನೆ, ಆಗಲ್ಲ. ಹಪ್ಪಳದ ಅಕ್ಕ ಸಿಮ್ ಕೊಳ್ಳೋಕೆ ಆಧಾರ್ ಕೊಟ್ಟಿದ್ದಾರೆ, ಬ್ಯಾಂಕಿಗೆ ಕೆವೈಸಿ ಕೊಟ್ಟಿದ್ದಾರೆ, ಜಾಹೀರಾತಿನ ದುಡ್ಡು ಹೋಗುವುದೂ ಅದೇ ಬ್ಯಾಂಕಿನ ಯುಪಿಐಯಿಂದ. ಇನ್ನೊಂದು ಸಲ ಗುರುತು ತೋರಿಸೋಕೆ ಅವರಿಗೆ ಬೇಸರವಿಲ್ಲ. ಬೇಸರ ಇರುವುದು ಬೇರೆ ವಿಷಯಕ್ಕೆ. ಹರಾಜಿನಲ್ಲಿ ಅವರ ಪಕ್ಕ ನಿಂತು ಕೂಗುವವನು ಮೋಸಗಾರ. ಅವನಿಗೆ ಸರಕಿನ ಖರ್ಚಿಲ್ಲ, ಹಾಗಾಗಿ ಎಷ್ಟು ಬೇಕಾದರೂ ಕೂಗುತ್ತಾನೆ. ಜಾಗದ ದರ ಏರುವುದು ನಮಗೆಲ್ಲ.

ಇನ್ನು ಸರ್ಕಾರದ ಪಾಲು. 2016ರ ಜೂನ್‌ನಿಂದ ಹೊರದೇಶದ ಕಂಪನಿಗಳ ಆನ್‌ಲೈನ್ ಜಾಹೀರಾತಿನ ಮೇಲೆ 6% ಸಮೀಕರಣ ತೆರಿಗೆ ಇತ್ತು. 2025ರ ಏಪ್ರಿಲ್ 1ರಿಂದ ಅದನ್ನು ತೆಗೆದಿರಿ. 18% ಜಿಎಸ್‌ಟಿ ಇದೆ. ನಾನು ಕಟ್ಟುವ ಪ್ರತಿ ಬಿಲ್ಲಿನಲ್ಲೂ ಕಾಣುತ್ತೆ. ಅಂದರೆ ಇಲ್ಲಿ ಬಿಲ್ ಆದ ಮೋಸದ ಜಾಹೀರಾತಿನಿಂದಲೂ ಸರ್ಕಾರಕ್ಕೆ ತೆರಿಗೆ ಸೇರಿದೆ. ತೆರಿಗೆ ಲೆಕ್ಕಕ್ಕೆ ಯಾವ ಜಾಹೀರಾತಿಗೆ ಯಾರು ಎಷ್ಟು ಕೊಟ್ಟರು ಅಂತ ಸಿಗುವುದಾದರೆ, ಪೊಲೀಸರ ಲೆಕ್ಕಕ್ಕೂ ಸಿಗಬೇಕು.

ಹಾಗಾಗಿ ಹೀಗೆ ಮಾಡಿ ಅಂತ ಕೇಳುತ್ತೇನೆ. ದುಡ್ಡು ಕೊಟ್ಟು ಓಡಿಸುವ ಜಾಹೀರಾತಿಗೆ 79ನೇ ಕಲಮಿನ ರಕ್ಷಣೆ ತಾನಾಗಿ ಸಿಗುವುದಿಲ್ಲ ಅಂತ ಕಾಯ್ದೆಯಲ್ಲೇ ಸ್ಪಷ್ಟ ಮಾಡಿ. ಜಾಹೀರಾತುದಾರರ ಗುರುತು ಪರಿಶೀಲಿಸಿದ ಕಂಪನಿಗೆ ರಕ್ಷಣೆ ಇರಲಿ, ಪರಿಶೀಲಿಸದ ಕಂಪನಿ ನಷ್ಟ ತುಂಬಲಿ. ಕನಿಷ್ಠ, ಆ ಮೋಸದ ಜಾಹೀರಾತಿನಿಂದ ತನಗೆ ಬಂದ ದುಡ್ಡನ್ನಾದರೂ ಮೋಸ ಹೋದವರಿಗೆ ವಾಪಸ್ ಕೊಡಲಿ. ಅದನ್ನು ಇಟ್ಟುಕೊಳ್ಳೋಕೆ ಯಾವ ಕಾರಣವೂ ನನಗೆ ತೋಚುವುದಿಲ್ಲ. ಎಲ್ಲ ಜಾಹೀರಾತುಗಳ ಸಂಗ್ರಹ ಸಾರ್ವಜನಿಕರಿಗೆ ಕಾಣುವ ಹಾಗೆ ಇರಲಿ. ಮೆಟಾದ ಜಾಹೀರಾತು ಲೈಬ್ರರಿಯಲ್ಲಿ ರಾಜಕೀಯವಲ್ಲದ ಜಾಹೀರಾತು ಓಡುವುದು ನಿಂತ ಕೂಡಲೇ ಇಲ್ಲಿ ಮಾಯವಾಗುತ್ತೆ. ಮೇಷ್ಟ್ರ ಮಗ ಪೊಲೀಸರಿಗೆ ತೋರಿಸೋಕೆ ಹುಡುಕಿದ್ದು ಇಂಥ ದಾಖಲೆಯನ್ನೇ. ಯುರೋಪಿನಲ್ಲಿ ದೊಡ್ಡ ಪ್ಲಾಟ್‌ಫಾರ್ಮ್‌ಗಳು ಜಾಹೀರಾತು ನಿಂತ ಮೇಲೂ ಒಂದು ವರ್ಷ ಅದನ್ನು ದಾಖಲೆಯಲ್ಲಿ ಇಡಲೇಬೇಕು, ಅಲ್ಲಿನ ಕಾನೂನಿದೆ. ಅದೇ ಕಂಪನಿ, ಅದೇ ಸಾಫ್ಟ್‌ವೇರ್, ಇಲ್ಲಿ ಯಾಕಾಗಲ್ಲ? ಮತ್ತೆ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಬಂದ ತಕ್ಷಣ ಬ್ಯಾಂಕ್ ಖಾತೆ ತಡೆಹಿಡಿಯುವ ವ್ಯವಸ್ಥೆ ನಿಮ್ಮಲ್ಲಿ ಇದೆ. ಅದಕ್ಕೆ ಜಾಹೀರಾತು ಖಾತೆಯನ್ನೂ ಸೇರಿಸಿ. ದೂರು ಕೊಡುವಾಗ ಮೋಸದ ಜಾಹೀರಾತಿನ ಲಿಂಕ್ ಹಾಕಿದರೆ, ಆ ಜಾಹೀರಾತೂ ಅದೇ ದುಡ್ಡಿನಿಂದ ಓಡುವ ಉಳಿದವೂ ಆಗಲೇ ನಿಲ್ಲಬೇಕು. ಮೇಷ್ಟ್ರು ಕಳೆದುಕೊಂಡದ್ದು ಬರುತ್ತೋ ಇಲ್ಲವೋ, ಪಕ್ಕದ ಬೀದಿಯವರದ್ದು ಉಳಿಯುತ್ತೆ.

ಒಂದು ಕೊನೆಯ ಬೇಡಿಕೆ. ಇಂಥ ನಿಯಮದ ಕರಡು ಬಿಟ್ಟಾಗ ಅದನ್ನು ಕನ್ನಡದಲ್ಲೂ ಬಿಡಿ, ಅಭಿಪ್ರಾಯವನ್ನು ಕನ್ನಡದಲ್ಲೂ ತಗೊಳ್ಳಿ. ಮೋಸದ ಜಾಹೀರಾತು ನಮಗೆ ಕನ್ನಡದಲ್ಲೇ ಬರುತ್ತಿದೆ. ದೊಡ್ಡ ಕಂಪನಿಗಳ ವಕೀಲರು ಹೇಗೂ ಬರೆಯುತ್ತಾರೆ. ನಮ್ಮ ಗಾಂಧಿ ಬಜಾರಿನವರೂ ಬರೆಯಲಿ. ನನ್ನ ಗಿರಾಕಿಗಳ ಗುರುತಿನ ಕಾಗದ ಜೋಡಿಸಿ ಇಟ್ಟುಕೊಂಡಿದ್ದೇನೆ, ನಿಯಮ ಬಂದ ದಿನವೇ ಏರಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಜಾಹೀರಾತು ಹಾಕಿಕೊಡುವ ಶಿವಮೊಗ್ಗದ ಒಬ್ಬ